ಹಿಂದಕ್ಕೆ ಸರಿಯದ ಮನಿಮೋಟಾರು

5 ಫೆಬ್ರುವರಿ 1954, ಶುಕ್ರವಾರ. ಹುಕ್ಕೇರಿ

ಈ ನೋಟುಬುಕ್ಕು ಪತ್ರಿಕೆಗಲ್ಲ. ನಾನೊಬ್ಬನೇ ಓದುವ ಪುಸ್ತಕದಲ್ಲಿ ಇದನ್ನು ಮೊದಲ ಸಾಲಿಗೇ ಬರೆದಿಡುವ ಅಗತ್ಯ ಏಕೆ ಬಿತ್ತೆಂದು ನನಗೆ ನಾನೇ ವಿವರಿಸಬೇಕಾಗಿಲ್ಲ. ಆದರೂ ಅಂಕಣ ಬರೆದು ಕೆಟ್ಟ ಕೈ, ವಿವರಿಸುತ್ತದೆ.

ಕಳೆದ ಅಕ್ಟೋಬರಿನಲ್ಲಿ ಗೋಕಾಕದ ವಾರಪತ್ರಿಕೆಯ ನನ್ನ ಅಂಕಣದಲ್ಲಿ ನಮ್ಮ ಮನೆಯ ರೊಟ್ಟಿಯ ಬಗ್ಗೆ ಬರೆದೆ. ಆ ರೊಟ್ಟಿ ಎಷ್ಟು ದಪ್ಪವೆಂದರೆ, ಸೈಕಲ್ಲು ಪಂಕ್ಚರಾದ ದಿನ ಗಾಲಿಯ ಬದಲು ಅದನ್ನೇ ಸಿಕ್ಕಿಸಿಕೊಂಡು ಬೆಳಗಾವಿಗೆ ಹೋಗಿಬರಬಹುದು ಎಂದಿದ್ದೆ. ಜನ ಬಿದ್ದು ಬಿದ್ದು ನಕ್ಕರು. ನಮ್ಮ ಓಣಿಯ ಹಿಟ್ಟಿನ ಗಿರಣಿಯವನು ಸರದಿಗೆ ನಿಂತ ಹೆಂಗಸರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದನಂತೆ. ಸರದಿಯಲ್ಲಿ ಐದನೆಯವಳಾಗಿ, ಸೊಂಟದ ಮೇಲೆ ಜೋಳದ ಬುಟ್ಟಿ ಇಟ್ಟುಕೊಂಡು, ನನ್ನ ಹೆಂಡತಿ ಶಿವವ್ವನೂ ನಿಂತಿದ್ದಳು.

ದೀಪಾವಳಿಗೆಂದು ತವರೂರು ಕಲ್ಲೋಳಿಗೆ ಹೋದವಳು ತಿರುಗಿ ಬಂದಿಲ್ಲ. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಮಂದಿ ನಗಲಿ ಅಂತ ನಾ ರೊಟ್ಟಿ ಬಡೀಲಿಲ್ರಿ" ಎಂದಳು, ಅಷ್ಟೆ. ಮೂರು ತಿಂಗಳಾಯಿತು. ಇದನ್ನು ಜನ ಜಗಳ ಎನ್ನುತ್ತಾರೆ. ನನ್ನ ಪ್ರಕಾರ ಇದು ಸಾಹಿತ್ಯ ವಿಮರ್ಶೆಯಲ್ಲಿ ತಲೆದೋರಿದ ಭಿನ್ನಾಭಿಪ್ರಾಯ.

ನಿನ್ನೆ ಮಾವ ಗುಡ್ಡಪ್ಪನವರ ಪತ್ರ ಬಂತು. ಅವರ ಶೈಲಿಯಲ್ಲಿ ಹಾಸ್ಯವಿಲ್ಲ. "ಭಾರತ ಹುಣ್ಣಿವಿ ತನಕ ಹಾದಿ ನೋಡತೇವು. ಕರಿಯಾಕ ಬಂದರ ಕಳಸತೇವು. ಬರಲಿಲ್ಲಂದರ ಮರುದಿವಸ ನಾಕ ಮಂದಿ ಹಿರೇರನ್ನ ಕೂಡಿಸಿ ಮಾತು ಮುಗಸತೇವು." ಹುಣ್ಣಿಮೆ ಹದಿನೇಳನೇ ತಾರೀಖು. ತಪ್ಪು ಮಾಡಿದವನು ಹೋಗಿ ಕರೆದುಕೊಂಡು ಬರಬೇಕೆಂಬುದು ನ್ಯಾಯವೇ. ಆದರೆ ನಾನು ಮಾಡಿದ್ದು ಹಾಸ್ಯ, ತಪ್ಪಲ್ಲ. ಆದ್ದರಿಂದ ಹೋಗುವ ಪ್ರಶ್ನೆಯೇ ಇಲ್ಲ.

ಪ್ರಶ್ನೆಯೇ ಇಲ್ಲದ ಮೇಲೆ ಹನ್ನೆರಡು ದಿನ ಬೇರೇನಾದರೂ ಮಾಡಬೇಕಲ್ಲ. ಆಗ ಸಿಕ್ಕವರು ಅಲ್ಲಪ್ಪ ಕಾಕಾ. ಯುದ್ಧದಲ್ಲಿ ಬರ್ಮಾದ ಕಡೆ ಗಾಯಾಳುಗಳ ಗಾಡಿ ಓಡಿಸುತ್ತಿದ್ದ ಕಾಕಾ, ಅಂಥದೇ ಹಳೆಯ ಮಿಲಿಟರಿ ಗಾಡಿಯೊಂದನ್ನು ಪುಣೆಯ ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದು ತಂದಿದ್ದಾರೆ. ಒಳಗೆ ಎರಡು ಹಾಸಿಗೆ, ಒಂದು ಸ್ಟೋವು, ಕೊಡ ಅಲುಗದಂತೆ ಕಟ್ಟಿಗೆಯ ಗೂಡು, ಕಿಟಕಿಗೆ ಕಾಕಾನ ಹೆಂಡತಿ, ನಮ್ಮ ಚಿಗವ್ವನ ಹಳೇ ಇಳಕಲ್ ಸೀರೆಯ ಪರದೆ. ಊರವರು ಇದಕ್ಕೆ ಮನಿಮೋಟಾರು ಎನ್ನುತ್ತಾರೆ.

"ಮಂದಿ ಹೊಳೀ ದಂಡಿ ಮ್ಯಾಲೆ ನಾಕ ವರ್ಷ ಮಲಗೇನಿ. ನಮ್ಮ ಘಟಪ್ರಭಾ ದಂಡಿ ಮ್ಯಾಲೆ ಒಂದ ದಿವಸನೂ ಮಲಗಿಲ್ಲ" ಎಂಬುದು ಕಾಕಾನ ಯಾತ್ರೆಯ ಉದ್ದೇಶ. ತಾಯವ್ವ ಚಿಗವ್ವನ ಉದ್ದೇಶ ಇನ್ನೂ ಸರಳ: "ಇವರನ್ನ ಒಬ್ಬರನ್ನ ಬಿಟ್ರ ನೀರಾಗ ಇಳಸ್ತಾರ ಮೋಟಾರ."

ಗಾಡಿಗೆ ಒಂದೇ ಊನ. ರಿವರ್ಸ್ ಗೇರು ಬೀಳುವುದಿಲ್ಲ. ಒಂದು ಸಂದಿಗೆ ಹೊಕ್ಕರೆ ಮುಂದಿನಿಂದಲೇ ಹೊರಬರಬೇಕು. ಆದ್ದರಿಂದ ದಿನವೂ ಒಬ್ಬರು ಸೈಕಲ್ಲಿನ ಮೇಲೆ ಹೊಳೆದಂಡೆಗುಂಟ ಮುಂದೆ ಹೋಗಿ, ಹೊಗಲಿಕ್ಕೂ ಹೊರಡಲಿಕ್ಕೂ ಬೇರೆ ಬೇರೆ ಹಾದಿ ಇರುವ ಜಾಗ ಹುಡುಕಿ, ಜಾಗದವರ ಒಪ್ಪಿಗೆ ಪಡೆದು ಬರಬೇಕು. ಆ ಹುದ್ದೆಗೆ ನನ್ನ ನೇಮಕವಾಗಿದೆ: ಮುಖ್ಯ ತಂಗುಠಾವು ಶೋಧನಾಧಿಕಾರಿ. ಪಗಾರವಿಲ್ಲ. ಸೈಕಲ್ಲೂ ನನ್ನದೇ.

7 ಫೆಬ್ರುವರಿ, ರವಿವಾರ. ಹಿಡಕಲ್

ಇಲಾಖೆ ಸ್ಥಾಪನೆಯಾದ ಎರಡೇ ದಿನಕ್ಕೆ ಮೂರು ನಿಯಮ ಜಾರಿಗೆ ಬಂದಿವೆ. ಒಂದು, ಹೊರಗೆ ಹೋಗುವ ಹಾದಿ ನೋಡದೆ ಒಳಗೆ ಹೋಗಕೂಡದು. ಎರಡು, ಗಾಳಿ ಹೊಳೆ ಕಡೆಯಿಂದ ಬರುತ್ತದೋ ತಿಪ್ಪೆ ಕಡೆಯಿಂದಲೋ ನೋಡಿಕೊಳ್ಳಬೇಕು. ಮೂರು, ಹುಣಸೆ ಗಿಡದ ಬುಡ ಕೂಡದು.

ಮೂರನೆಯದು ಊರವರು ಕೊಟ್ಟದ್ದು. ಹೊಳೆಗಿಳಿಯುವ ಹಾದಿಯಲ್ಲಿ ಛತ್ರಿಯಂಥ ಒಂದು ಹುಣಸೆ ಗಿಡ ಇತ್ತು. ಒಬ್ಬ ಮುದುಕ ಕೋಲು ಅಡ್ಡ ಹಿಡಿದ. "ಅಲ್ಲಿ ಬ್ಯಾಡ್ರಿ." "ಯಾಕ್ರಿ?" "ಬ್ಯಾಡಂದ್ರ ಬ್ಯಾಡ್ರಿ." ಇಂಥ ಉತ್ತರ ಸಿಕ್ಕರೆ ನನಗೆ ಊಟ ಸೇರುವುದಿಲ್ಲ. ಐದು ಜನರನ್ನು ಕೇಳಿದೆ, ಐದು ಕಾರಣ ಸಿಕ್ಕವು. ದೆವ್ವ. ಥಂಡಿ. ಕೆಂಪಿರುವೆ. ಅಲ್ಲಿ ಮಲಗಿದವರಿಗೆ ಮೈಕೈ ಹಿಡಿಯುತ್ತದೆ. ಐದನೆಯವನು ಆಚೀಚೆ ನೋಡಿ, "ಏನೂ ಇಲ್ರಿ, ಆ ಮುದುಕಂದ ಗಿಡ. ಕಾಯಿ ಉದುರಿದ್ರ ನೀವ ಆರಿಸ್ಕೊಂತೀರಿ ಅಂತ ಅಂವಗ ಹೆದರಿಕಿ" ಎಂದ. ಐದೂ ಖರೆ ಇರಬಹುದು. ಬೇವಿನ ಗಿಡಕ್ಕೆ ಹೋದೆವು.

ಮನಿಮೋಟಾರು ನೋಡಲು ಊರ ಹೆಂಗಸರೆಲ್ಲ ಬಂದರು. "ಒಲಿ ಒಳಗೈತಿ, ಹೊಗಿ ಎಲ್ಲಿ ಹೋಗತೈತ್ರೆವ್ವಾ?" ಎಂದು ಚಿಗವ್ವನನ್ನು ಕೇಳಿದರು. "ಇವರ ತಲ್ಯಾಗ" ಎಂದು ಚಿಗವ್ವ ಕಾಕಾನನ್ನು ತೋರಿಸಿದಳು. ಒಬ್ಬಾಕೆ ನನ್ನತ್ತ ತಿರುಗಿ, "ನಿಮ್ಮ ಮನಿಯಾಕಿ ಬಂದಿಲ್ಲೇನ್ರಿ?" ಎಂದಳು. ಗಾಲಿಗೆ ಗಾಳಿ ಸರಿಯಾಗಿದೆಯೇ ಎಂದು ನೋಡಲು ಹೋದೆ.

ಚಿಗವ್ವನ ರೊಟ್ಟಿ ತೆಳ್ಳಗಿತ್ತು. ಗಮನಿಸಿದೆ, ಅಷ್ಟೆ.

9 ಫೆಬ್ರುವರಿ, ಮಂಗಳವಾರ. ಧೂಪದಾಳದ ಈಚೆ, ಒಂದು ಹೊಲದಲ್ಲಿ

ಇಂದು ಇಲಾಖೆಯ ಇತಿಹಾಸದಲ್ಲಿ ಕಪ್ಪು ದಿನ.

ಮಧ್ಯಾಹ್ನ ನಾಲ್ಕರ ಸುಮಾರಿಗೆ ಜಗತ್ತಿನ ಅತ್ಯುತ್ತಮ ತಂಗುಠಾವನ್ನು ಕಂಡುಹಿಡಿದೆ. ಹೊಳೆಗೆ ಒಂದು ಕೂಗಳತೆ. ದುಂಡಗೆ, ಸಪಾಟು, ಒಂದು ಹರಳಿಲ್ಲ, ಒಂದು ಮುಳ್ಳಿಲ್ಲ. ಸಗಣಿಯಿಂದ ಸಾರಿಸಿ ಕನ್ನಡಿ ಮಾಡಿದ್ದರು. ನಡುವೆ ಒಂದು ಕಂಬ. ಕಂಬವನ್ನು ಸುತ್ತಿ ಬಂದರೆ ರಿವರ್ಸಿಲ್ಲದ ಗಾಡಿಯೂ ತಾನಾಗಿ ತಿರುಗಿ ನಿಲ್ಲುತ್ತದೆ! ನಮ್ಮ ಗಾಡಿಗೆಂದೇ ಯಾರೋ ಮಾಡಿಟ್ಟಂತಿತ್ತು.

ಅದು ಒಕ್ಕಲು ಮಾಡುವ ಕಣ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನೂ ಒಕ್ಕಲುತನದವರ ಮಗನೇ. ಆದರೆ ಜೋಳ ಇನ್ನೂ ಹೊಲದಲ್ಲಿ ನಿಂತಿತ್ತು. ರಾಶಿ ಬೀಳುವ ತನಕ ಕಣವೆಂದರೆ ಬರೀ ನೆಲ ಎಂಬ ಸೂಕ್ಷ್ಮ ತರ್ಕ ಹೂಡಿದೆ. ಬದುವಿನ ಮೇಲೆ ಎಲೆಅಡಿಕೆ ಹಾಕುತ್ತ ಕೂತ ಹೊಲದ ಯಜಮಾನನನ್ನು ಕೇಳಿದೆ. "ಹೂಂ, ನಿಲ್ಲಸ್ರಿ" ಎಂದ. ರೂಢಿಯಂತೆ ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲೇ ಕಣಕ್ಕಿಳಿದು ಅಳತೆ ತೆಗೆದುಕೊಂಡೆ. ಗಾಡಿ ಬಂತು. ಕಂಬ ಸುತ್ತಿತು. ನಿಂತಿತು.

ಆಗ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಒಬ್ಬ ಹೆಣ್ಣುಮಗಳು ಬಂದಳು. ಹೊರೆ ಇಳಿಸಲಿಲ್ಲ. ಗಾಡಿ ನೋಡಿದಳು, ಗಾಲಿಯ ಗುರುತು ನೋಡಿದಳು, ಬದುವಿನ ಮೇಲಿದ್ದ ನನ್ನ ಚಪ್ಪಲಿ ನೋಡಿದಳು.

"ಯಾರದ್ರಿ ಈ ಚಪ್ಲಿ?"

"ನನ್ನವ್ರಿ."

"ನೀವ ಬಿಟ್ಟ ಬಂದ್ರಿ, ಛಲೋ ಮಾಡಿದ್ರಿ. ಈ ದೊಡ್ಡಾಂವ ಯಾಕ ನಾಕೂ ಹಾಕ್ಕೊಂಡ ಬಂದಾನ?"

ಕಾಕಾ ಸ್ಟೇರಿಂಗು ಹಿಡಿದು ಕೂತಲ್ಲೇ ನಕ್ಕರು. ಆಕೆ ಲಗಮವ್ವ, ಯಜಮಾನನ ಹೆಂಡತಿ. ಆಕೆ ನಗಲಿಲ್ಲ. "ಬಿಚ್ಚಸ್ರಿ" ಎಂದಳು. ನಾಲ್ಕು ಟೈರು ಬಿಚ್ಚಿದರೆ ಗಾಡಿ ಹೊರಗೆ ಹೋಗುವುದು ಹೇಗೆಂದು ಕಾಕಾ ವಿನಯದಿಂದ ಕೇಳಿದರು. "ಹಂಗಾದ್ರ ಬಂದಂಗ ಹಿಂದಕ ಹೋಗ್ರಿ." ಹಿಂದಕ್ಕೆ ಹೋಗುವ ಗೇರಿಲ್ಲ ಎಂದು ನಾನು ಹೇಳಬೇಕಾಯಿತು. ಗಾಡಿ ಹೊರಗೆ ಬರಲು ಕಂಬಕ್ಕೆ ಇನ್ನೊಂದು ಪ್ರದಕ್ಷಿಣೆ ಹಾಕಬೇಕಾಯಿತು. ಉಳಿದಿದ್ದ ಅರ್ಧ ಕಣವೂ ಹೋಯಿತು.

"ಹೂಂ" ಎಂದಿದ್ದ ಯಜಮಾನನನ್ನು ಸಾಕ್ಷಿಗೆ ಕರೆಯೋಣವೆಂದು ತಿರುಗಿ ನೋಡಿದೆ. ಬದುವಿನ ಮೇಲೆ ಎಲೆಯ ತೊಟ್ಟುಗಳು ಮಾತ್ರ ಇದ್ದವು.

ತೀರ್ಪು: ಕಣ ಮೊದಲಿನಂತೆ ಮಾಡಿಕೊಟ್ಟು ಹೋಗತಕ್ಕದ್ದು. ಅಲ್ಲಿಯವರೆಗೆ ಮನಿಮೋಟಾರು ಬದುವಿನಾಚೆ ಜಫ್ತಿ.

10 ಫೆಬ್ರುವರಿ, ಬುಧವಾರ. ಅದೇ ಹೊಲ

ಬೆಳಗಿನಿಂದ ಹೊಳೆಯಿಂದ ನೀರು ಹೊತ್ತೆವು. ಹೊಯ್ದೆವು, ತುಳಿದೆವು, ಬಡಿದೆವು. ಆಮೇಲೆ ಸಗಣಿ. ಕಾಕಾನಿಗೆ ಮೊಣಕಾಲು ಬಗ್ಗುವುದಿಲ್ಲವಾದ್ದರಿಂದ ಸಗಣಿ ವಿಭಾಗ ಪೂರ್ತಿ ನನ್ನ ಪಾಲಿಗೆ ಬಂತು.

ಲಗಮವ್ವ ಒಂದಷ್ಟು ಹೊತ್ತು ನಿಂತು ನೋಡಿದಳು. "ಏನ ಉದ್ಯೋಗ ಮಾಡ್ತೀರಿ?"

"ಬರೀತೇನ್ರಿ."

"ಅದಕ್ಕ. ಸಣ್ಣ ಸಣ್ಣ ಗೀಟ ಎಳಿಯಾಕತ್ತೀರಿ. ಕೈ ಅಗಲ ಮಾಡ್ರಿ. ಇದು ಓದೂ ಮಂದಿಗಲ್ಲ, ಜ್ವಾಳಕ್ಕ."

ಕೈ ಅಗಲ ಮಾಡಿದೆ. ಬರಲಿಲ್ಲ. ಆಕೆ ಬಾಜೂ ಕೂತು ಒಮ್ಮೆ ಕೈಯಾಡಿಸಿದಳು. ಒಂದೇ ಬೀಸಿಗೆ ಕಮಾನಿನಂತೆ ಮೂಡಿತು. ಅದರ ಪಕ್ಕ ಇನ್ನೊಂದು. ಒಂದರ ಅಂಚು ಇನ್ನೊಂದರೊಳಗೆ ಹೋಗಿ ಎಲ್ಲಿ ಸೇರಿತೆಂದು ಹುಡುಕಿದರೂ ಗೊತ್ತಾಗಲಿಲ್ಲ. ಇದನ್ನು ನಾನು ನನ್ನ ಮನೆಯಲ್ಲಿ ಎಂಟು ವರ್ಷ ದಾಟಿಕೊಂಡು ಹೋಗಿದ್ದೇನೆ, ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ವಿಚಿತ್ರ.

"ನಿಮ್ಮ ಯಜಮಾನ್ರು ಹೂಂ ಅಂದಿದ್ರು" ಎಂದು ಮೆಲ್ಲಗೆ ಮೇಲ್ಮನವಿ ಸಲ್ಲಿಸಿದೆ.

"ಅಂವ ಎಲ್ಲಾದಕ್ಕೂ ಹೂಂ ಅಂತಾನ. ಎಂಟ ದಿವಸ ಬಡದು ಸಾರಿಸಿದ್ದು ಈ ಕೈ. ಕೈಯವರನ್ನ ಕೇಳಬೇಕೋ ಬ್ಯಾಡೋ?"

ನಾಲ್ಕನೆಯ ನಿಯಮ ಜಾರಿಗೆ ಬಂತು: ಒಪ್ಪಿಗೆಯನ್ನು ನೆಲ ಸಾರಿಸಿದವರಿಂದಲೇ ಪಡೆಯತಕ್ಕದ್ದು.

ಸಂಜೆ ಲಗಮವ್ವ ಕಣವನ್ನೊಂದು ಸುತ್ತು ನೋಡಿ, "ಇರ್ಲಿ, ನನ್ನ ಸೊಸಿಗಿಂತ ವಾಸಿ" ಎಂದಳು. ಅಂಕಣ ಬರೆಯಲು ಶುರುಮಾಡಿದ ಮೇಲೆ ನನಗೆ ಬಂದ ಅತಿ ದೊಡ್ಡ ಪ್ರಶಸ್ತಿ. ತಾನು ಮನೆಗೆ ಹೊರಡುವ ಮುಂಚೆ ಎಲ್ಲರಿಗೂ ಬೆಲ್ಲ ನೀರು ಕೊಟ್ಟಳು.

ಹೆಗಲು ಎತ್ತಲಾಗುತ್ತಿಲ್ಲ. ದಿನಾ ರೊಟ್ಟಿ ಬಡಿಯುವವರಿಗೂ ಹೀಗೇ ನೋಯುತ್ತದೆಯೇ? ಶುದ್ಧ ಕುತೂಹಲದಿಂದ ಕೇಳುತ್ತಿದ್ದೇನೆ.

11 ಫೆಬ್ರುವರಿ, ಗುರುವಾರ. ಗೋಕಾಕ ಫಾಲ್ಸ್

ಈ ತಿಂಗಳಲ್ಲಿ ನೀರಿಗಿಂತ ನೋಡಲು ಬಂದವರೇ ಹೆಚ್ಚು. ಬೆರಳಿನಿಂದ ಸಗಣಿ ವಾಸನೆ ಹೋಗಿಲ್ಲ. ಬೇರೇನೂ ಇಲ್ಲ.

12 ಫೆಬ್ರುವರಿ, ಶುಕ್ರವಾರ. ಗೋಕಾಕ

ಪತ್ರಿಕೆಯ ಸಂಪಾದಕರು ಬಜಾರಿನಲ್ಲೇ ಹಿಡಿದರು. "ರಾಜಪ್ಪನವರ, ಎರಡ ವಾರದಿಂದ ಅಂಕಣ ಇಲ್ಲ. ಓದೂ ಮಂದಿ ಬೈಯಾಕತ್ತಾರ. ಹೆಂಡ್ತಿ ಮ್ಯಾಲೆ ಇನ್ನೊಂದ ಬರೀರಿ, ಹಿಂದಿನದು ಭಾಳ ನಡೀತು."

ನನ್ನ ಕಿಸೆಯಲ್ಲಿ ನಿನ್ನೆ ಕೂತು ಬರೆದ ನಾಲ್ಕು ಹಾಳೆ ಇದ್ದವು: ಲಗಮವ್ವ ಮತ್ತು ಮೋಟಾರಿನ ಚಪ್ಪಲಿ. ನನ್ನ ಜೀವಮಾನದ ಅತ್ಯುತ್ತಮ ಬರಹ ಎಂದು ಸಂಕೋಚವಿಲ್ಲದೆ ಹೇಳಬಲ್ಲೆ. ಹಾಳೆ ತೆಗೆದೆ. ಮಡಿಕೆ ಬಿಡಿಸಿದೆ. ಮತ್ತೆ ಮಡಚಿ ಕಿಸೆಗಿಟ್ಟೆ.

"ಯಾಕ್ರಿ?"

"ಲಗಮವ್ವನ್ನ ಕೇಳಿಲ್ರಿ."

"ಯಾರವರು? ನನಗ ಗೊತ್ತಿಲ್ಲದಂಗ ಹೊಸಾ ಸಂಪಾದಕರು ಬಂದಾರೇನು?"

ಅವರ ಎದುರೇ ಕೂತು ಹುಣಸೆ ಗಿಡದ ಮೇಲೆ ಎರಡು ಹಾಳೆ ಗೀಚಿಕೊಟ್ಟೆ. ಗಿಡ ತವರಿಗೆ ಹೋಗುವುದಿಲ್ಲ.

ಬರುವಾಗ ಕರದಂಟು ಕೊಂಡೆ. ಚಿಗವ್ವನ ಹಲ್ಲಿಗೆ ಅದು ಆಗುವುದಿಲ್ಲ, ಕಾಕಾನಿಗೆ ಸಿಹಿ ಸೇರುವುದಿಲ್ಲ. ಪ್ರಯಾಣವೆಂದ ಮೇಲೆ ಒಂದು ಪುಡಿಕೆ ಇರಲಿ ಎಂದು ತಂದೆ.

14 ಫೆಬ್ರುವರಿ, ರವಿವಾರ. ಲೋಳಸೂರ

ಹೊಳೆ ಇಲ್ಲಿಂದ ಮೂಡಣಕ್ಕೆ ಹೋಗುತ್ತದೆ. ಯೋಜನೆಯ ಪ್ರಕಾರ ನಾಳಿನ ಠಾವನ್ನು ಮೂಡಣದಲ್ಲೇ ಹುಡುಕಬೇಕು. ಬೆಳಿಗ್ಗೆ ಹೊರಟೆ. ಸೇತುವೆ ದಾಟಿದ ಮೇಲೆ ರಸ್ತೆ ಬಡಗಣಕ್ಕೆ ಚೆನ್ನಾಗಿ ಕಂಡಿತು. ರಸ್ತೆಯ ಗುಣಮಟ್ಟ ಪರೀಕ್ಷಿಸುವುದೂ ಇಲಾಖೆಯ ಕೆಲಸವೇ. ಪರೀಕ್ಷಿಸುತ್ತ ಪರೀಕ್ಷಿಸುತ್ತ ಅರಭಾವಿ ಬಂದುಬಿಟ್ಟಿತು. ಹೇಗೂ ಬಂದಾಯಿತಲ್ಲ, ಅಲ್ಲೇ ಒಂದು ಗಾಣದ ಬಾಜೂ ಜಾಗ ನೋಡಿದೆ. ಬೆಲ್ಲ ಕಾಯಿಸುವ ಒಲೆಯ ಬಿಸಿ ಇದೆ, ಗಾಳಿ ಸಿಹಿಯಾಗಿದೆ. ಅಂಗಳ ಗುಡಿಸುತ್ತಿದ್ದ ಹನಮವ್ವ ಎಂಬಾಕೆಯನ್ನು ಕೇಳಿದೆ. "ನನ್ನ ಯಾಕ ಕೇಳ್ತೀರ್ರಿ, ಮಾಲಕರನ್ನ ಕೇಳ್ರಿ" ಎಂದು ನಕ್ಕಳು. ಮಾಲಕರನ್ನು ಆಮೇಲೆ ಕೇಳಿದೆ.

15 ಫೆಬ್ರುವರಿ, ಸೋಮವಾರ. ಅರಭಾವಿ

ಗಾಡಿಯಿಂದಿಳಿದ ಚಿಗವ್ವ ಹಣೆಗೆ ಕೈ ಅಡ್ಡ ಹಿಡಿದು ನಾಲ್ಕೂ ದಿಕ್ಕು ನೋಡಿದಳು.

"ರಾಜಪ್ಪಾ, ಹೊಳಿ ಎಲ್ಲೈತೋ?"

ಕಾಲುವೆ ತೋರಿಸಿದೆ. ಧೂಪದಾಳದಲ್ಲಿ ಹೊಳೆಯಿಂದಲೇ ಹೊರಟ ಕಾಲುವೆ ಇದು. ನೀರು ಅದೇ. ದಂಡೆಯೂ ಇದೆ. ಶಾಸ್ತ್ರೀಯವಾಗಿ ನೋಡಿದರೆ ನಾವು ಹೊಳೆಯನ್ನು ಬಿಟ್ಟೇ ಇಲ್ಲ.

"ಹೌದ? ಮತ್ತ ಈ ನೀರು ಹಿಂಗ ಹೋದ್ರ ಮುಂದ ಯಾವ ಊರು ಬರತೈತಿ?"

"ಕಲ್ಲೋಳಿ ಕಡೆ ಹೋಗತೈತಿ ಅಂತ ಕಾಣಸತೈತಿ."

"ಕಾಣಸತೈತಿ!" ಎಂದಳು ಚಿಗವ್ವ ಕಾಕಾನಿಗೆ. ಕಾಕಾ ರೇಡಿಯೇಟರಿಗೆ ನೀರು ಹಾಕುತ್ತ, "ಮಿಲಿಟರ್ಯಾಗ ಮುಂದ ಹೋದಾಂವ ತೋರಿಸಿದ್ದ ಹಾದಿ. ನಾವು ಕೇಳೂದಲ್ಲ" ಎಂದರು. ಇಬ್ಬರೂ ನಕ್ಕರು. ಏಕೆಂದು ತಿಳಿಯಲಿಲ್ಲ.

16 ಫೆಬ್ರುವರಿ, ಮಂಗಳವಾರ. ಅರಭಾವಿ

ಕಲ್ಲೋಳಿಗೆ ಹೋಗಿದ್ದೆ. ಊರ ಬಾವಿಯವರೆಗೆ. ಬಾವಿಯ ಹತ್ತಿರ ಸೈಕಲ್ಲಿನ ಚೈನು ಸರಿಯಾಗಿದೆಯೋ ನೋಡಿದೆ. ಸರಿಯಾಗಿತ್ತು. ಮತ್ತೊಮ್ಮೆ ನೋಡಿದೆ.

ಅಲ್ಲಿಂದ ಮಾವನವರ ಓಣಿ ಕಾಣುತ್ತದೆ. ಒಂದು ಬಾಜೂ ದನದ ಕೊಟ್ಟಿಗೆ, ಇನ್ನೊಂದು ಬಾಜೂ ಮೇವಿನ ಬಣವಿ, ನಡುವೆ ಅಂಗಳ. ಹಿಂದೆ ಗೋಡೆ. ಮದುವೆಯ ದಿನ ನಮ್ಮ ಚಕ್ಕಡಿಯ ಎತ್ತು ಬಿಚ್ಚಿ, ಬಂಡಿಯನ್ನು ಕೈಯಿಂದ ಹಿಂದಕ್ಕೆಳೆದು ಹೊರಗೆ ಹಾಕಿದ್ದರು. ನಿಯಮ ಒಂದರ ಪ್ರಕಾರ ಪೂರ್ತಿ ಅನರ್ಹ ಜಾಗ.

"ಜಾಗಾ ಇಲ್ಲ" ಎಂದು ವರದಿ ಒಪ್ಪಿಸಿದೆ.

"ಹಂಗಾದ್ರ ನಾಳೆ ತಿರುಗಿ ಹೊಳಿ ಕಡೆ ಹೋಗೂಣ" ಎಂದರು ಕಾಕಾ.

ನಾಳೆ ಹುಣ್ಣಿಮೆ. ಚಿಗವ್ವ ತೆಳ್ಳಗಿನ ರೊಟ್ಟಿ ಕೊಟ್ಟಳು. ಅರ್ಧ ತಿಂದು ಉಳಿದದ್ದನ್ನು ಮುಚ್ಚಿಟ್ಟೆ. ರೊಟ್ಟಿಯ ತಪ್ಪಲ್ಲ.

17 ಫೆಬ್ರುವರಿ, ಬುಧವಾರ. ಕಲ್ಲೋಳಿ

ಬೆಳಿಗ್ಗೆ ಕಾಕಾನಿಗೆ, "ನಿನ್ನೆ ಬರೋಬರಿ ನೋಡಲಿಲ್ಲ, ಇನ್ನೊಮ್ಮೆ ನೋಡ್ತೇನಿ" ಎಂದೆ. ಸೈಕಲ್ಲು ಹತ್ತುವಾಗ ಚಿಗವ್ವ ಪರದೆ ಸರಿಸಿ, "ಆ ಕರದಂಟಿನ ಪುಡಿಕಿ ತಗೊಂಡ ಹೋಗು. ಇರುವಿ ಹತ್ತಾಕತ್ತಾವು" ಎಂದಳು.

ಮಾವ ಗುಡ್ಡಪ್ಪನವರು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. "ಬರ್ರಿ ಅಳ್ಯಾರ. ಹುಣ್ಣಿವಿ ಇವತ್ತೈತಿ."

"ಗೊತ್ತೈತ್ರಿ ಮಾವಾರ." ಹಾದಿಯುದ್ದಕ್ಕೂ ಬೇರೆ ವಾಕ್ಯ ಕಟ್ಟಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಇಲಾಖೆಯ ವಾಕ್ಯ ಬಂತು. "ಒಂದ ಮನಿಮೋಟಾರ ಐತ್ರಿ. ಒಂದ ರಾತ್ರಿ ನಿಲ್ಲಸಾಕ ಜಾಗಾ ಬೇಕಾಗಿತ್ತು."

ಅವರು ಹಗ್ಗ ನಿಲ್ಲಿಸಿ ನನ್ನನ್ನು ಚೆನ್ನಾಗಿ ನೋಡಿದರು. "ಜಾಗಾ ಕೇಳಾಕ ಬಂದ್ರಿ?"

"ಹೌದ್ರಿ."

"ನಿಲ್ಲಸ್ರಿ. ಅಂಗಳ ಖಾಲಿ ಐತಿ."

ಅಲ್ಲಿಗೆ ಕೆಲಸ ಮುಗಿದಿತ್ತು. ಕೆಳಗೆ ನೋಡಿದೆ. ಅಂಗಳ ಹೊಸದಾಗಿ ಸಾರಿಸಿತ್ತು. ಕಮಾನು, ಕಮಾನಿನ ಪಕ್ಕ ಕಮಾನು. ಅಂಚು ಎಲ್ಲಿ ಸೇರಿದೆಯೆಂದು ಹುಡುಕಿದರೆ ಸಿಗುವುದಿಲ್ಲ. ಬಗ್ಗಿ ಚಪ್ಪಲಿ ಕಳಚಿದೆ.

"ಸಾರಿಸಿದವರನ್ನ ಕೇಳಬೇಕ್ರಿ" ಎಂದೆ.

ಮಾವನವರು ಒಳಗೆ ತಿರುಗಿ, "ಶಿವವ್ವಾ, ನಿನ್ನ ಕೇಳಾಕತ್ತಾರ" ಎಂದರು.

ಕೈಗೆ ಹಿಟ್ಟು ಹತ್ತಿಸಿಕೊಂಡೇ ಬಂದಳು. ಸ್ವಲ್ಪ ಸೊರಗಿದ್ದಾಳೆ. ಅಥವಾ ನಾನು ಹಿಂದೆ ಸರಿಯಾಗಿ ನೋಡಿರಲಿಕ್ಕಿಲ್ಲ.

"ಗಾಡಿ ತರಲೇನು?" ಎಂದೆ.

"ಅದಕ್ಕ ಹಿಂದಕ ಬರೂದ ಗೊತ್ತಿಲ್ಲಂತ. ಅರಭಾವಿಯಿಂದ ಬಂದವರು ಹೇಳಾಕತ್ತಿದ್ರು."

"ಗೊತ್ತಿಲ್ಲ."

"ನಮ್ಮ ಅಂಗಳಕ್ಕ ಆ ಕಡೆ ಹಾದಿ ಇಲ್ಲ. ಹೊಕ್ಕರ ಸಿಕ್ಕೊಂತೈತಿ."

"ಅದು ಗೊತ್ತೈತಿ."

"ಗೊತ್ತಿದ್ದೂ ಕೇಳಾಕತ್ತೀರಿ?"

"ಹೂಂ."

ಅವಳು ಕೈಯ ಹಿಟ್ಟು ಉಜ್ಜಿಕೊಂಡಳು. "ರೊಟ್ಟಿ ಮ್ಯಾಲೆ ಬರಿಯೂ ಮುಂದ ಹಿಂಗ ಬಂದು ಒಂದ ಮಾತ ಕೇಳಿದ್ರ ನಿಮ್ಮ ಗಂಟೇನ ಹೋಗತಿತ್ತು?"

ನಾನು ಒಂದು ಮಾತು ಹೇಳಿದೆ. ಅದರಲ್ಲಿ ಹಾಸ್ಯವಿರಲಿಲ್ಲ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

"ಜೋರಾಗಿ ಅನ್ರಿ" ಎಂದಳು ಶಿವವ್ವ. "ಗಿರಣ್ಯಾಗ ಜೋರಾಗೇ ಓದಿದ್ರು."

ಜೋರಾಗಿ ಅಂದೆ. ಮಾವ ಕೇಳಿದರು. ಕೊಟ್ಟಿಗೆಯ ಎತ್ತು ಕಿವಿ ಎತ್ತಿತು. ಬಾಜೂ ಮನೆಯ ಮುದುಕಿ ಲಕ್ಕವ್ವ ಗೋಡೆಯ ಮೇಲಿಂದ ತಲೆ ಹಾಕಿ, "ಏನಂದ್ರ ಏನಂದ್ರ? ನನಗ ಕೇಳಸಲಿಲ್ಲ" ಎಂದಳು. ಅವಳಿಗಾಗಿ ಮೂರನೆಯ ಸಲ ಹೇಳಿದೆ.

ಮಾವನವರು ಮತ್ತೆ ಹಗ್ಗ ಹೊಸೆಯತೊಡಗಿದರು. ಶಿವವ್ವ ಒಳಗೆ ಹೋಗಿ ಬೆಲ್ಲ, ತಂಬಿಗೆ ನೀರು ತಂದಿಟ್ಟಳು. "ಗಾಡಿ ತರ್ರಿ. ನಾಳೆ ಅಂಗಳ ಮಾತ್ರ ನೀವ ಸಾರಸೂದು."

18 ಫೆಬ್ರುವರಿ, ಗುರುವಾರ. ಕಲ್ಲೋಳಿ

ಹಿರಿಯರು ಕೂಡಿದರು. ಮಾತು ಮುಗಿಸಲಿಕ್ಕಲ್ಲ, ಮನಿಮೋಟಾರು ನೋಡಲಿಕ್ಕೆ. ಅದು ಕೊಟ್ಟಿಗೆಗೂ ಬಣವಿಗೂ ನಡುವೆ ಬೆಣೆ ಹೊಡೆದಂತೆ ಕೂತಿದೆ.

"ಏನ್ರಿ ಶೋಧನಾಧಿಕಾರಿ ಸಾಹೇಬರ, ಹೊರಗ ಹೋಗೂ ಹಾದಿ ಎಲ್ಲಿ?" ಎಂದರು ಕಾಕಾ.

"ನೋಡೂದ ಮರತೆ."

"ಮರತಿಲ್ಲ ಬಿಡ್ರಿ ಅವನು" ಎಂದಳು ಚಿಗವ್ವ.

ನಾಳೆ ಎಂಟು ಜನ ಕೂಡಿ ಹಿಂದಕ್ಕೆ ದೂಡುವುದೆಂದು ನಿಶ್ಚಯವಾಗಿದೆ. ಆಮೇಲೆ ಶಿವವ್ವನೂ ಗಾಡಿ ಹತ್ತುತ್ತಾಳೆ. ಹೊಳೆದಂಡೆಯಲ್ಲಿ ಉಳಿದ ನಾಲ್ಕು ಠಾವು ಮುಗಿಸಿ ಹುಕ್ಕೇರಿಗೆ.

ಗಾಡಿಯ ಸುತ್ತ ಉಳಿದ ಅಂಗಳ ಸಾರಿಸಿದೆ. "ಈ ಕೆಲಸ ಯಾರ ಕಲಿಸಿದ್ರು?" ಎಂದಳು ಶಿವವ್ವ. ಲಗಮವ್ವನ ಕಥೆ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಈ ನೋಟುಬುಕ್ಕು ಹೊರಗೆ ಬಂತು. "ಓದ್ರಿ" ಎಂದಳು. ಮೊದಲ ಸಾಲಿನಿಂದ ಓದಿದೆ. ಗಾಡಿಯ ಚಪ್ಪಲಿಗೆ ನಕ್ಕಳು. ಬಾವಿಯ ಹತ್ತಿರ ಚೈನು ನೋಡಿದ ಕಡೆ ನಗಲಿಲ್ಲ, ಇನ್ನೊಮ್ಮೆ ಓದಿಸಿದಳು. ಎರಡು ಕಡೆ ಗೀಚಿ ಹಾಕಿಸಿದಳು. ಅಲ್ಲಿ ಏನಿತ್ತೆಂದು ಈಗ ನನಗೂ ಓದಲಾಗುವುದಿಲ್ಲ.

ಕೊನೆಗೆ ಕರದಂಟು ಮುರಿಯುತ್ತ, "ಒಂದ ಬಿಟ್ಟೀರಿ. ಬರ್ಕೋರಿ" ಎಂದಳು. ಅವಳು ಹೇಳಿದಂತೆ ಬರೆಯುತ್ತಿದ್ದೇನೆ:

ಆ ವಾರ ರೊಟ್ಟಿ ದಪ್ಪ ಆಗಿದ್ದು ಖರೆ. ದಪ್ಪ ಆಗಿದ್ದು ಹಿಟ್ಟು ಒರಟು ಇದ್ದದ್ದಕ್ಕೆ. ಒರಟು ಹಿಟ್ಟನ್ನು ತೆಳ್ಳಗೆ ಬಡಿದರೆ ರೊಟ್ಟಿ ಹರಿಯುತ್ತದೆ. ಹಿಟ್ಟು ಒರಟಾಗಿದ್ದು, ಬೀಸಿಸಲು ಹೋದವರು ಕಲ್ಲಿನ ಕಡೆ ನೋಡದೆ ಗಿರಣಿಯವನ ಜೊತೆ ಹರಟೆ ಹೊಡೆಯುತ್ತ ಕೂತದ್ದರಿಂದ. ಆ ವಾರ ಗಿರಣಿಗೆ ಹೋಗಿದ್ದವನು ನಾನು.

ಇಷ್ಟನ್ನು ಪತ್ರಿಕೆಗೆ ಕೊಡಬಹುದಂತೆ. ಗಿರಣಿಯವನು ಮಾತ್ರ ಗಟ್ಟಿಯಾಗಿ ಓದಬೇಕಂತೆ.